ಹುಳುಕಡ್ಡಿಯಲ್ಲದ ಕಂದು ಮಚ್ಚೆ

ಕೊಡಗಿನ ಮಳೆಗಾಲದಲ್ಲಿ ಒಲೆಯ ಬಳಿ ಹರಡಿದ ಬಟ್ಟೆಯೂ ಪೂರ್ತಿ ಒಣಗದಿರುವುದರಿಂದ, ತೊಡೆಸಂದಿಯಲ್ಲಿ ಕಂದು ಮಚ್ಚೆ ಕಂಡಾಗ ಅದನ್ನು ಶಿಲೀಂಧ್ರದಿಂದ ಬರುವ ಹುಳುಕಡ್ಡಿಯೆಂದೇ ನಂಬಿ, ಸ್ಟೀರಾಯ್ಡ್ ಬೆರೆತ ಮುಲಾಮೊಂದನ್ನು ಎರಡು ತಿಂಗಳು ಹಚ್ಚಿದೆ. ಮಚ್ಚೆ ಕದಲಲಿಲ್ಲ.

ಮಡಿಕೇರಿಯ ಚರ್ಮವೈದ್ಯರು ಕೋಣೆಯನ್ನು ಕತ್ತಲಾಗಿಸಿ ವುಡ್ಸ್ ದೀಪದ ನೇರಳಾತೀತ ಬೆಳಕು ಹಾಯಿಸಿದಾಗ, ಮಚ್ಚೆ ಹವಳದಂತೆ ಕೆಂಪಾಗಿ ಹೊಳೆಯಿತು. ಇದು ಶಿಲೀಂಧ್ರವಲ್ಲ, ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ಎರಿತ್ರಾಸ್ಮಾ ಎಂದರು. ಆ ಬ್ಯಾಕ್ಟೀರಿಯಾ ಉತ್ಪಾದಿಸುವ ಪೋರ್ಫೈರಿನ್ ಎಂಬ ವರ್ಣದ್ರವ್ಯ ಈ ಹೊಳಪಿಗೆ ಕಾರಣ. ಅದು ನೀರಿನಲ್ಲಿ ತೊಳೆದುಹೋಗುವುದರಿಂದ, ಪರೀಕ್ಷೆಗೆ ಮುನ್ನ ಚೆನ್ನಾಗಿ ಮಿಂದು ಬಂದವರಲ್ಲಿ ಕಾಣದೇ ಇರಬಹುದು. (ನಾನು ಅಂದು ಸ್ನಾನ ಮಾಡದೆ ಹೋಗಿದ್ದೆ, ನಾಚಿಕೆಯೇನೂ ಉಳಿದಿಲ್ಲ.)

ಹುಳುಕಡ್ಡಿಯಲ್ಲಿ ಸಾಮಾನ್ಯವಾಗಿ ಅಂಚು ಉಬ್ಬಿ ನಡುಭಾಗ ತಿಳಿಯಾಗುತ್ತದೆ, ತುರಿಕೆಯೂ ಜೋರು. ಎರಿತ್ರಾಸ್ಮಾದ ಮಚ್ಚೆ ಸಮತಟ್ಟಾಗಿ, ಎಲ್ಲೆಡೆ ಒಂದೇ ಬಣ್ಣದಲ್ಲಿದ್ದು, ತುರಿಕೆ ಅಲ್ಪ. ಆದರೆ ಸ್ಟೀರಾಯ್ಡ್ ಹಚ್ಚಿದರೆ ಹುಳುಕಡ್ಡಿಯ ರೂಪವೂ ಬದಲಾಗುವುದರಿಂದ ಕಣ್ಣಂದಾಜನ್ನು ನೆಚ್ಚುವಂತಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಚರ್ಮದ ಪುಡಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಇವೆಯೋ ಇಲ್ಲವೋ ತಿಳಿಯುತ್ತದೆ.

ವೈದ್ಯರು ಬರೆದುಕೊಟ್ಟ ಕ್ಲಿಂಡಮೈಸಿನ್ ಎಂಬ ಆ್ಯಂಟಿಬಯೋಟಿಕ್ ಲೇಪನದಿಂದ ನನ್ನದು ವಾಸಿಯಾಯಿತು. ತೋಟದಲ್ಲಿ ದಿನವಿಡೀ ಗಂಬೂಟು ಧರಿಸುವವರ ಅಂಗಾಲಿನಲ್ಲಿ ಕಾಣುವ, ದುರ್ವಾಸನೆಯ ಸಣ್ಣ ಕುಳಿಗಳೂ ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸವೇ ಎಂಬುದು ಆ ದಿನವೇ ತಿಳಿಯಿತು.