ಗಾಡಿ ಒಪ್ಪಿಸಿದ ದಿನ

ಫೆಬ್ರವರಿಯಲ್ಲಿ ಕಲಬುರಗಿಯ ಲಾರಿ ಮಾಲಕರು ಡ್ರೈವರನ್ನು ಸುಲಭಕ್ಕೆ ಬಿಡುವುದಿಲ್ಲ. ಹೊಸ ತೊಗರಿ ಬಂದಿರುತ್ತದೆ, ದಾಲ್ ಮಿಲ್ಲುಗಳು ಓಡುತ್ತಿರುತ್ತವೆ, ಸೇಡಂ, ವಾಡಿ ಕಡೆ ಸಿಮೆಂಟ್ ಲೋಡಿಂಗ್ ಬೇರೆ. ಹನ್ನೆರಡು ಗಾಲಿಯ ಗಾಡಿ ಓಡಿಸುತ್ತಿದ್ದ ಗೆಳೆಯ ಕೆಲಸ ಬಿಟ್ಟು ಕೀಲಿ ಕೊಡಲು ಹೊರಟಾಗ ಸಾಕ್ಷಿಗೆಂದು ನಾನೂ ಜೊತೆಗೆ ಹೋದೆ.

ಕೆಲಸ ಬಿಡುತ್ತೇನೆಂದು ಅವನು ಹದಿನೈದು ದಿನ ಮೊದಲೇ ಚೀಟಿ ಕೊಟ್ಟಿದ್ದ. ನೇಮಕದ ಪತ್ರ ಇದ್ದವರು ಅದರಲ್ಲಿ ಬರೆದಷ್ಟು ದಿನ ಮೊದಲು ತಿಳಿಸಬೇಕು. ನಮ್ಮ ಕಡೆ ಬಹಳ ಮಂದಿಗೆ ಅಂಥ ಪತ್ರವೇ ಇರುವುದಿಲ್ಲ; ಆಗ ಹದಿನೈದು ದಿನ ಅನ್ನುವುದು ಮರ್ಯಾದೆಯ ಲೆಕ್ಕ. ಚೀಟಿಯಲ್ಲಿ ತಾರೀಖು, ಗಾಡಿ ನಂಬರು, ಕಡೇ ದಿನ, ಸಹಿ ಇಷ್ಟೇ. ಓವರ್‌ಲೋಡಿನ ಸಿಟ್ಟು, ನಿದ್ದೆಗೆಟ್ಟ ರಾತ್ರಿಗಳು ಅದರಲ್ಲಿ ಬರಬಾರದು. ದೂರು ಕೊಡುವುದಿದ್ದರೆ ಬೇರೆ ಕಾಗದದಲ್ಲಿ ಕೊಡಬೇಕು. ಮಾಲಕರು ಚೀಟಿ ಮುಟ್ಟಲಿಲ್ಲ. ಅವನು ಅದರ ಫೋಟೋ ವಾಟ್ಸಾಪಿಗೆ ಕಳಿಸಿ, ಅಸಲು ಕಾಗದವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡ. ಬಾಯಿಮಾತಿನಲ್ಲಿ ಬಿಟ್ಟವರನ್ನೇ ಮುಂದೆ ‘ಹೇಳದೆ ಓಡಿಹೋದ’ ಎನ್ನುವುದು.

ಕಡೇ ಟ್ರಿಪ್ಪನ್ನು ಪೂರ್ತಿ ಮಾಡಿಯೇ ಬಂದಿದ್ದ. ಇದು ತೀರಾ ಮುಖ್ಯ. ಮಾಲು ತುಂಬಿದ ಗಾಡಿಯನ್ನು ಢಾಬಾದ ಮುಂದೆ ನಿಲ್ಲಿಸಿ ಬಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ಅವಧಿ ಓಡುತ್ತಲೇ ಇರುತ್ತದೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. ಮಾಲು ಕಡಿಮೆ ಬಿದ್ದರೆ ನಂಬಿಕೆ ದ್ರೋಹದ ಕೇಸು ಹಾಕಲು ನಾವೇ ದಾರಿ ಮಾಡಿಕೊಟ್ಟಂತೆ. ಮಾಲು ಇಳಿಸಿದ ಜಾಗದವರ ಸಿಕ್ಕಾ ಬಿದ್ದ ಎಲ್‌ಆರ್, ಅಂದರೆ ಲಾರಿ ರಸೀದಿಯ ಪ್ರತಿ ಅವನ ಹತ್ತಿರವಿತ್ತು. ಹರಿದ ಚೀಲ ಎರಡು ಎಂದು ಅದರಲ್ಲೇ ಬರೆದಿತ್ತು.

ಹುಮನಾಬಾದ್ ರಸ್ತೆಯ ಯಾರ್ಡಿನಲ್ಲಿ ಮೊದಲು ಗಾಡಿಯ ಸುತ್ತ ವಿಡಿಯೋ. ಓಡೋಮೀಟರ್, ಡೀಸೆಲ್ ಮುಳ್ಳು, ಹೊಗೆ ಶುದ್ಧಮಾಡಲು ಹಾಕುವ ಯೂರಿಯಾ ದ್ರಾವಣದ ಟ್ಯಾಂಕಿನ ಮಟ್ಟ. ಹನ್ನೆರಡು ಟೈರು, ಒಂದು ಸ್ಟೆಪ್ನಿ, ಪ್ರತಿಯೊಂದರ ಮೇಲಿನ ನಂಬರು. ಬ್ಯಾಟರಿಗಳ ನಂಬರೂ ಬೇಕು. ಹಳೆಯದು ಹಾಕಿ ಹೊಸದು ಮಾರಿದ ಎಂಬ ಮಾತು ಬರುವುದು ಇಲ್ಲಿಂದಲೇ. ಜಾಕ್, ಗಾಲಿ ಬಿಚ್ಚುವ ವೀಲ್ ಪಾನಾ, ತಾಡಪತ್ರಿ, ಹಗ್ಗ. ಆಮೇಲೆ ಕಾಗದ: ಆರ್‌ಸಿ, ಫಿಟ್‌ನೆಸ್, ಪರ್ಮಿಟ್, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು, ಡೀಸೆಲ್ ಕಾರ್ಡು. ಆ ದಿನದವರೆಗಿನ ಇ-ಚಲನ್‌ಗಳನ್ನು ಗಾಡಿ ನಂಬರ್ ಹಾಕಿ ತೆಗೆದು ಅದರದ್ದೂ ಸ್ಕ್ರೀನ್‌ಶಾಟ್. ಎಲ್ಲ ಬರೆದ ಹಾಳೆಗೆ ಕೊನೆಗೆ ಮಾಲಕರ ಲೆಕ್ಕ ನೋಡುವ ಮುನೀಮರು ಸಹಿ ಹಾಕಿದರು. ಅವರು ಒಪ್ಪದಿದ್ದರೆ ಅದೇ ವಿಡಿಯೋ, ಸಾಕ್ಷಿಯ ಹೆಸರು ವಾಟ್ಸಾಪಿಗೆ ಹೋಗುತ್ತಿತ್ತು.

“ಏನ್ ತಮ್ಮಾ, ಯುಗಾದಿ ಮಟ ತಡಿ. ಅಡ್ವಾನ್ಸ್ ತೀರಿಲ್ಲ, ಹ್ಯಾಂಗ್ ಹೋಗ್ತಿ?” ಎಂದರು ಮಾಲಕರು.

“ಚೀಟಿ ಕೊಟ್ಟು ಹದಿನೈದು ದಿನ ಆಗ್ಯಾವ್ರಿ ಸಾವ್ಕಾರ್ರ. ಹಿಸಾಬ್ ಮಾಡ್ರಿ, ನನ್ ಕಡೆ ಬಂದ್ರ ನಾ ಕೊಡ್ತೀನಿ.”

ಈ ಉತ್ತರಕ್ಕೆ ಬೆಲೆಯಿದೆ. ಅಡ್ವಾನ್ಸ್ ಎಂದರೆ ಸಾಲ. ಸಾಲವನ್ನು ದುಡ್ಡಿನಲ್ಲಿ ತೀರಿಸಬಹುದು. ಸಾಲ ಇದೆಯೆಂದು ಮನುಷ್ಯನನ್ನೇ ಹಿಡಿದಿಟ್ಟು ದುಡಿಸುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ. ಅವನ ಹಿಸಾಬ್ ಹೀಗಿತ್ತು: ತೆಗೆದುಕೊಂಡದ್ದು 40,000, ತಿಂಗಳಿಗೆ 3,000ದಂತೆ ಎಂಟು ತಿಂಗಳು ಮುರಿದದ್ದು 24,000, ಉಳಿದದ್ದು 16,000. ಅವನಿಗೆ ಬರಬೇಕಾದದ್ದು, 18,000 ಪಗಾರದಲ್ಲಿ ಇಪ್ಪತ್ತು ದಿನಕ್ಕೆ 12,000, ಎರಡು ಟ್ರಿಪ್ಪಿನ ಭತ್ಯೆ 3,200. ಅವನೇ 800 ರೂಪಾಯಿ ಕೊಡಬೇಕಾಯಿತು. ಫೋನ್‌ಪೇ ಮಾಡಿದ, ನಗದು ಕೊಡಲಿಲ್ಲ, ಪುರಾವೆ ಬೇಕಲ್ಲ. ಮಾಲಕರ ಕಡೆ ಬಾಕಿ ಉಳಿದಿದ್ದರೆ? 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ತಾನಾಗಿ ಕೆಲಸ ಬಿಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಪಗಾರ ಚುಕ್ತಾ ಆಗಬೇಕು. ಆಗದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ.

ಡೀಸೆಲ್ ಕಡಿಮೆ ಬಿತ್ತು ಎಂಬ ಮಾತೂ ಎದ್ದಿತು. ಹೊರಡುವಾಗ ಟ್ಯಾಂಕ್ ಫುಲ್, ಬಂದು ಮತ್ತೆ ಫುಲ್, ನಡುವಿನ ಬಿಲ್ಲುಗಳ ಲೀಟರು, ಓಡಿದ ಕಿಲೋಮೀಟರು. ಅವನು ಅಷ್ಟೂ ಬರೆದಿಟ್ಟಿದ್ದ. ಎವರೇಜು ಹಿಂದಿನ ಟ್ರಿಪ್ಪುಗಳಷ್ಟೇ ಬಂದಿತ್ತು. ಮಾತು ಅಲ್ಲಿಗೇ ನಿಂತಿತು.

ಮಾಲಕರು ಗಟ್ಟಿಯಾಗಿ ಹಿಡಿದದ್ದು ಲೈಸೆನ್ಸನ್ನು. ಕೆಲಸಕ್ಕೆ ಸೇರುವಾಗ ಅಸಲು ಲೈಸೆನ್ಸ್ ಇಸಿದುಕೊಂಡು ಕಪಾಟಿನಲ್ಲಿಡುವುದು ಇಲ್ಲಿ ರೂಢಿಯಾಗಿಬಿಟ್ಟಿದೆ, ಇದು ನನಗೆ ಬಹಳ ನೋವು ಕೊಡುವ ಸಂಗತಿ. ‘ಕಳೆದಿದೆ ಅಂತ ಆರ್‌ಟಿಓದಾಗ ನಕಲು ತೆಗಸು’ ಎಂದು ಗೆಳೆಯರು ಸಲಹೆ ಕೊಡುತ್ತಾರೆ. ಹಾಗೆ ಮಾಡಬೇಡಿ. ಮಾಲಕರ ಕೈಯಲ್ಲಿರುವುದನ್ನು ಕಳೆದಿದೆ ಎಂದು ಬರೆದು ಸಹಿ ಹಾಕಿದರೆ ಸುಳ್ಳು ಹೇಳಿದವರು ನಾವಾಗುತ್ತೇವೆ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರುವ ಲೈಸೆನ್ಸ್ ತಪಾಸಣೆಗೆ ನಡೆಯುತ್ತದೆ, ಹೊಸ ಕೆಲಸ ಅದರ ಮೇಲೆ ಶುರುವಾಗಬಹುದು. ಅಸಲನ್ನು ಬರಹದಲ್ಲಿ ಕೇಳಿ, ಕೊಡದಿದ್ದರೆ ಪೊಲೀಸ್ ಠಾಣೆಗೆ ಅರ್ಜಿ ಕೊಡುವುದು ಸರಿಯಾದ ದಾರಿ. ಅವನು ಅಂಥ ಅರ್ಜಿಯನ್ನು ಬರೆದೇ ತಂದು ಮೇಜಿನ ಮೇಲಿಟ್ಟ. ಚಹಾ ಬಂತು, ಕುಡಿಯುವಷ್ಟರಲ್ಲಿ ಕಪಾಟಿನಿಂದ ಲೈಸೆನ್ಸೂ ಬಂತು.

ಅದರ ಜೊತೆಗೆ ಅವನಿಂದ ಸಹಿ ಮಾಡಿಸಿಕೊಂಡಿದ್ದ ಖಾಲಿ ಬಾಂಡ್ ಪೇಪರ್ ಇತ್ತು. ಅದನ್ನೂ ಕೇಳಿ ಪಡೆದ. ಪಿಎಫ್ ಇದ್ದವನಾದ್ದರಿಂದ ಇನ್ನೊಂದು ಕೆಲಸ ಉಳಿದಿದೆ: ಮಾಲಕರು ಬಿಟ್ಟ ತಾರೀಖು ನಮೂದಿಸದಿದ್ದರೆ ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲಿನಲ್ಲಿ ತಾನೇ ಹಾಕಿಕೊಳ್ಳಬಹುದು. ಆ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಕೊಂಡು ಜೇವರ್ಗಿ ಬಸ್ ಹತ್ತಿದ.