ಕೊಂಬೆಯಿಂದ ಪೆಟ್ಟಿಗೆಗೆ
ನಿನ್ನೆ ಬೆಳಿಗ್ಗೆ ಹಿತ್ತಲ ಮರದ ತಗ್ಗು ಕೊಂಬೆಯಲ್ಲಿ, ಹಳೆಯ ರಾಣಿಯೊಡನೆ ಗೂಡು ಬಿಟ್ಟು ಬಂದ ಕಾಡುಜೇನಿನ ಹಿಂಡೊಂದು ಗೊಂಚಲಾಗಿ ತೂಗುತ್ತಿತ್ತು. ಹೊರಡುವ ಮುನ್ನ ಹೊಟ್ಟೆ ತುಂಬ ಜೇನು ಹೀರಿಕೊಂಡಿರುವುದರಿಂದಲೂ, ಕಾಯಬೇಕಾದ ಎರಿ (ಮೇಣದ ಹಲ್ಲೆ), ಮರಿಗಳು ಇಲ್ಲದಿರುವುದರಿಂದಲೂ ಇಂಥ ಹಿಂಡು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಆದರೂ ಮುಖಪರದೆಯಿಲ್ಲದೆ ಹತ್ತಿರ ಹೋಗುವುದು ಸರಿಯೆಂದು ನನಗೆ ಅನಿಸುವುದಿಲ್ಲ. ಗೊಂಚಲಿನ ಮೇಲೆ ನಾಲ್ಕಾರು ಹುಳುಗಳು ಹೊಟ್ಟೆ ಅಲುಗಿಸುತ್ತ ಕುಣಿದು, ಹೊಸ ಗೂಡಿಗಾಗಿ ತಾವು ನೋಡಿಬಂದ ಪೊಟರೆಯ ದಿಕ್ಕನ್ನೂ ದೂರವನ್ನೂ ಸಂಗಾತಿಗಳಿಗೆ ತಿಳಿಸುತ್ತಿದ್ದವು. ಹಳೆಯ ಎರಿಯ ಚೌಕಟ್ಟೊಂದನ್ನು ಹಾಕಿದ ಪೆಟ್ಟಿಗೆಯನ್ನು ಕೆಳಗಿರಿಸಿ, ಕೊಂಬೆಯನ್ನು ಒಮ್ಮೆ ಬಲವಾಗಿ ಜಾಡಿಸಿದೆ. ಕೆಲವೇ ನಿಮಿಷಗಳಲ್ಲಿ ಹುಳುಗಳು ಬಾಗಿಲಲ್ಲಿ ಸಾಲಾಗಿ ನಿಂತು, ಹಿಂಭಾಗವನ್ನೆತ್ತಿ ರೆಕ್ಕೆ ಬೀಸುತ್ತ ಸಂಗಾತಿಗಳನ್ನು ಕರೆಯುವ ಗಂಧವನ್ನು ಹರಡತೊಡಗಿದಾಗ, ರಾಣಿ ಒಳಗೇ ಇದ್ದಾಳೆಂದು ನಂಬಿಕೆಯಾಗಿ ಮನಸ್ಸು ತುಂಬಿಬಂದಿತು. ಉಳಿದವೂ ಒಳಸೇರಲೆಂದು ಪೆಟ್ಟಿಗೆಯನ್ನು ನೆರಳಿನಲ್ಲಿಯೇ ಬಿಟ್ಟು, ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಅದರ ನೆಲೆಗೆ ಸಾಗಿಸಿದೆ.