ಸ್ಕಿರೋಸ್‌ವರೆಗಿನ ಎಂಟು ವಾರ: ಕಾಲಪಟ್ಟಿಯ ಕೆಲಸ ಎಲ್ಲಿಗೆ ಬಂದಿದೆ

ಮೊದಲ ಮಹಾಯುದ್ಧದ ಕಾಲದ ಇಂಗ್ಲಿಷ್ ಕವಿ, ಸೈನಿಕ ರೂಪರ್ಟ್ ಬ್ರೂಕ್‌ನ ಕೊನೆಯ ಎಂಟು ವಾರಗಳನ್ನು ಒಂದೇ ಉದ್ದನೆಯ ಹಾಳೆಯ ಮೇಲೆ ಕೈಯಿಂದ ಬಿಡಿಸುವ ಕೆಲಸದಲ್ಲಿ ಪೆನ್ಸಿಲ್ ಹಂತ ಬಹುಪಾಲು ಮುಗಿದಿದೆ. ಹಾಳೆಯ ಮೇಲರ್ಧದಲ್ಲಿ ಹಡಗಿನ ದಾರಿ, ಕೆಳಗರ್ಧದಲ್ಲಿ ಅವನ ಆರೋಗ್ಯ, ಎರಡಕ್ಕೂ ನಡುವೆ ಒಂದೇ ದಿನಾಂಕಗಳ ಗೆರೆ. ಯುದ್ಧದ ನಕಾಶೆಗಳಲ್ಲಿ ಪಡೆಗಳ ಬಾಣದ ಗುರುತುಗಳಿರುತ್ತವೆಯೇ ಹೊರತು ಜ್ವರಕ್ಕೆ ಜಾಗವಿರುವುದಿಲ್ಲ. ಕಾಯಿಲೆಯಿಂದ ತೀರಿಕೊಂಡ ಸೈನಿಕನೊಬ್ಬನ ಕಥೆ ನಕಾಶೆಯಲ್ಲಿ ಹೇಗೆ ಕಾಣಬಹುದೆಂಬ ಕುತೂಹಲವೇ ಈ ಹವ್ಯಾಸಕ್ಕೆ ಕಾರಣ.

ಎಡತುದಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಒಂದು ಚಿಕ್ಕ ಚೌಕವನ್ನಷ್ಟೇ ಕೊಟ್ಟಿದ್ದೇನೆ. 1914ರ ಅಕ್ಟೋಬರ್‌ನಲ್ಲಿ ನೆಲದ ಮೇಲೆ ಕಾದಾಡುವ ನೌಕಾದಳದ ಪಡೆಯಾದ ರಾಯಲ್ ನೇವಲ್ ಡಿವಿಜನ್ನಿನ ಜೊತೆ ಅವನು ಅಲ್ಲಿಗೆ ಹೋಗಿ, ನಗರ ಬೀಳುವ ಹೊತ್ತಿಗೆ ಹಿಂದಿರುಗಿದ. ಅವನು ಕಂಡ ಯುದ್ಧ ಆ ಕೆಲವು ದಿನಗಳದ್ದು ಮಾತ್ರ. ಇಂಗ್ಲೆಂಡ್ ಅವನನ್ನು ರಣರಂಗದ ವೀರನೆಂದು ಮೆರೆಸಿದ ಬಗೆಗೂ ಈ ಚೌಕದ ಅಳತೆಗೂ ತಾಳೆಯಾಗುವುದಿಲ್ಲ ಎಂಬುದು ನನಗೆ ಗೊತ್ತು, ಆದರೂ ಅದನ್ನು ಹಿಗ್ಗಿಸುವ ಮನಸ್ಸಾಗಲಿಲ್ಲ.

ದಾರಿ ಆರಂಭವಾಗುವುದು 1915ರ ಫೆಬ್ರುವರಿ ಕೊನೆಯಲ್ಲಿ, ಏವನ್‌ಮೌತ್ ಬಂದರಿನಿಂದ. 'ಗ್ರಾಂಟಲಿ ಕ್ಯಾಸಲ್' ಹಡಗಿನಲ್ಲಿ ಆ ಡಿವಿಜನ್ನಿನಲ್ಲಿ ಅವನಿದ್ದ ಹುಡ್ ಬೆಟಾಲಿಯನ್ ಏಜಿಯನ್ ಸಮುದ್ರದ ಲೆಮ್ನೋಸ್ ದ್ವೀಪ ತಲುಪಿತು. ಮಾರ್ಚ್ 18ರಂದು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಬ್ರಿಟಿಷರ, ಫ್ರೆಂಚರ ನೌಕಾದಾಳಿ ವಿಫಲವಾಗಿ ಮೂರು ಯುದ್ಧನೌಕೆಗಳು ಮುಳುಗಿದ ಮೇಲೆ, ಪಡೆಯನ್ನು ಮತ್ತೆ ಅಣಿಗೊಳಿಸುವುದಕ್ಕಾಗಿ ಈಜಿಪ್ಟಿಗೆ ಸಾಗಿಸಲಾಯಿತು. ಹೀಗಾಗಿ ಗೆರೆಯು ಏಜಿಯನ್ ಸಮುದ್ರದಿಂದ ಪೋರ್ಟ್ ಸೈದ್‌ಗೆ ಇಳಿದು ಮತ್ತೆ ಮೇಲೇರುತ್ತದೆ. ಈ ತಿರುವಿನ ಪಕ್ಕದಲ್ಲಿ ನಾನು ಇನ್ನೊಂದು ಸಣ್ಣ ಗುರುತನ್ನು ಹಾಕಿಕೊಂಡಿದ್ದೇನೆ: ಸೂಯೆಜ್ ಕಾಲುವೆಯ ರಕ್ಷಣೆಗೆಂದು ಈಜಿಪ್ಟಿಗೆ ಬಂದಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಆ ದಿನಗಳಲ್ಲಿ ಅದೇ ದೇಶದಲ್ಲಿದ್ದರು. ಬ್ರೂಕ್‌ನ ಕಥೆಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಬೆಂಗಳೂರಿನಲ್ಲಿ ಕುಳಿತು ನಕಾಶೆ ಬಿಡಿಸುವವನ ಚಪಲವೆಂದು ಓದುಗರು ಮನ್ನಿಸಬೇಕು.

ಪೋರ್ಟ್ ಸೈದ್‌ನಲ್ಲಿಯೇ ಕೆಳಗಿನ ಅರ್ಧಕ್ಕೆ ಕೆಂಪು ಬಣ್ಣ ಬರುತ್ತದೆ. ಏಪ್ರಿಲ್ ಮೊದಲ ದಿನಗಳಲ್ಲಿ ಬಿಸಿಲಿನ ಆಘಾತವೂ ಭೇದಿಯೂ ಸೇರಿ ಅವನು ಹಾಸಿಗೆ ಹಿಡಿದ. ದಂಡಯಾತ್ರೆಯ ಸೇನಾಪತಿ ಇಯಾನ್ ಹ್ಯಾಮಿಲ್ಟನ್ ಸ್ವತಃ ಬಂದು ನೋಡಿ, ತನ್ನ ಸಿಬ್ಬಂದಿ ವರ್ಗದಲ್ಲಿ ಒಂದು ಹುದ್ದೆಯನ್ನು ಕೊಡಲು ಮುಂದಾದ. ಬ್ರೂಕ್ ತನ್ನ ತುಕಡಿಯ ಜೊತೆಗೇ ಇರುತ್ತೇನೆಂದು ಅದನ್ನು ನಿರಾಕರಿಸಿದ. ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಅವನು ಹಡಗು ಹತ್ತಿದನೆಂಬುದನ್ನು ತೋರಿಸಲು ಈ ಕೆಂಪನ್ನು ಅಳಿಸದೆ, ತೆಳುವಾಗಿಸಿ ಮುಂದಿನ ದಿನಗಳ ಮೇಲೂ ಎಳೆದಿದ್ದೇನೆ.

ಅತಿ ಹೆಚ್ಚು ಸಮಯ ಹಿಡಿದದ್ದು ಗ್ರೀಸಿನ ಸ್ಕಿರೋಸ್ ದ್ವೀಪ. ಏಪ್ರಿಲ್ 17ರಂದು ಹಡಗು ಆ ದ್ವೀಪದ ಬಳಿ ಲಂಗರು ಹಾಕಿದ ಮೇಲೆ ದಾರಿ ನಿಂತುಹೋಗುತ್ತದೆ, ಕಾಯಿಲೆಯಾದರೋ ಗಂಟೆಗಳ ಲೆಕ್ಕದಲ್ಲಿ ಓಡತೊಡಗುತ್ತದೆ. ಆದ್ದರಿಂದ ಅಲ್ಲಿಯವರೆಗೆ ದಿನಕ್ಕೆ ಒಂದು ಸೆಂಟಿಮೀಟರ್ ಇದ್ದ ಅಳತೆಯನ್ನು 20ರಿಂದ ಮುಂದಕ್ಕೆ ಹಲವು ಪಟ್ಟು ಹಿಗ್ಗಿಸಿದ್ದೇನೆ. 20ರಂದು ದ್ವೀಪದ ಮೇಲೆ ಇಡೀ ಡಿವಿಜನ್ನಿನ ಕವಾಯತು ನಡೆಯಿತು. ಮರುದಿನ ತುಟಿಯ ಊತ, ನೋವು. 22ರಂದು ಜ್ವರ ಏರಿದಾಗ ಅವನನ್ನು ಫ್ರೆಂಚರ ಆಸ್ಪತ್ರೆ ಹಡಗು 'ದ್ಯುಗೇ ತ್ರುವಾಂ'ಗೆ ಸಾಗಿಸಿದರು. ಡಾರ್ಡನೆಲ್ಸ್ ಪಕ್ಕದ ಗಲಿಪೊಲಿ ಪರ್ಯಾಯದ್ವೀಪದ ಮೇಲೆ ನಡೆಯಲಿದ್ದ ದಾಳಿಯ ಗಾಯಾಳುಗಳಿಗಾಗಿ ಸಜ್ಜಾಗಿದ್ದ ಆ ಹಡಗಿನಲ್ಲಿ ಆಗ ಅವನೊಬ್ಬನೇ ರೋಗಿ. ತುಟಿಯ ಮೇಲಿನ ಸೊಳ್ಳೆ ಕಡಿತದಿಂದ ಹೊಕ್ಕ ಸೋಂಕು ರಕ್ತಕ್ಕೆ ಹರಡಿತ್ತು. ಪೆನಿಸಿಲಿನ್ ಪತ್ತೆಯಾಗಲು ಇನ್ನೂ ಹದಿಮೂರು ವರ್ಷಗಳಿದ್ದವು. 23ರ ಮಧ್ಯಾಹ್ನ ಜ್ವರ 106 ಡಿಗ್ರಿಗೆ ಮುಟ್ಟಿತು, ಸಂಜೆ 4 ಗಂಟೆ 46 ನಿಮಿಷಕ್ಕೆ ಅವನು ತೀರಿಕೊಂಡ. ವಯಸ್ಸು 27. ಸಂಗೀತಗಾರ ಗೆಳೆಯ ಡೆನಿಸ್ ಬ್ರೌನ್ ಬಳಿಯಲ್ಲಿದ್ದ.

ಹಡಗುಗಳು ಹೊರಡಬೇಕಾಗಿದ್ದುದರಿಂದ ಅದೇ ರಾತ್ರಿ ದ್ವೀಪದ ಆಲಿವ್ ತೋಪಿನಲ್ಲಿ ಮಣ್ಣು ಮಾಡಿದರು. ಸಮಾಧಿಯ ಶಿಲುಬೆಯ ಹಿಂಬದಿಯಲ್ಲಿ ದುಭಾಷಿಯೊಬ್ಬ, ಕಾನ್‌ಸ್ಟಾಂಟಿನೋಪಲ್ಲಿನ ತುರ್ಕರಿಂದ ಬಿಡುಗಡೆಗಾಗಿ ಮಡಿದವನೆಂದು ಗ್ರೀಕಿನಲ್ಲಿ ಬರೆದ. ಲಂಡನ್ನಿನ ಪತ್ರಿಕೆಯಲ್ಲಿ ಮೊದಲಿಗೆ ಬಂದ ಕಾರಣ ಬಿಸಿಲಿನ ಹೊಡೆತ. ಕೆಳಗಿನ ಅರ್ಧದ ಕೊನೆಯಲ್ಲಿ ಈ ಎರಡನ್ನೂ ಸೋಂಕಿನ ಪಕ್ಕದಲ್ಲಿ ಬರೆಯಬೇಕೇ ಎಂದು ಬಹಳ ಯೋಚಿಸಿದೆ. ಒಂದು ಸಾವಿಗೆ ವೈದ್ಯರು, ಪತ್ರಿಕೆ, ಸಮಾಧಿ ಮೂರೂ ಬೇರೆ ಬೇರೆ ಕಾರಣ ಕೊಟ್ಟಿರುವಾಗ ಮೂರನ್ನೂ ಇಡುವುದೇ ಸರಿ ಅನ್ನಿಸಿತು. ಸೋಂಕು ಕೆಂಪಿನಲ್ಲಿ, ಉಳಿದೆರಡು ಪೆನ್ಸಿಲಿನ ಬೂದು ಬಣ್ಣದಲ್ಲಿಯೇ ಇರುತ್ತವೆ.

ಪಟ್ಟಿಯನ್ನು 23ಕ್ಕೆ ಕೊನೆಗೊಳಿಸುವುದಿಲ್ಲ. ಬ್ರೂಕ್‌ನನ್ನು ಮಣ್ಣು ಮಾಡಿದವರಲ್ಲಿ ಒಬ್ಬನಾದ ಬರ್ನಾರ್ಡ್ ಫ್ರೈಬರ್ಗ್, 24ರ ರಾತ್ರಿ ತುರ್ಕರನ್ನು ದಾರಿ ತಪ್ಪಿಸಲು ಗಲಿಪೊಲಿಯ ಬುಲೇರ್ ಬಳಿ ಒಬ್ಬನೇ ದಡಕ್ಕೆ ಈಜಿ ದೀವಟಿಗೆ ಹಚ್ಚಿದ. ಬೆಳಗಾದರೆ ಗಲಿಪೊಲಿಯ ದಾಳಿ. ಡೆನಿಸ್ ಬ್ರೌನ್ ಜೂನ್ 4ರಂದು ಅಲ್ಲಿಯೇ ಸತ್ತ. ಮೇಲಿನ ಗೆರೆಯನ್ನು ಆ ದಿನಾಂಕದವರೆಗೂ ಎಳೆಯಲು ಇನ್ನೊಂದು ಹಾಳೆ ಅಂಟಿಸಬೇಕು, ಅಂಟು ಒಣಗಿದ ನಂತರವೇ ಶಾಯಿಯ ಕೆಲಸ.